ಬೆಳುವಾಯಿ ಸರಸಕ್ಕನ ಹೊಲಿಗೆ ಮಜೂರಿ

ಬೆಳುವಾಯಿ ಪೇಟೆಯಿಂದ ಅರ್ಧ ಮೈಲು ಒಳಗೆ, ರಸ್ತೆ ಬದಿಯ ಮನೆಯ ಜಗಲಿಯಲ್ಲಿ ಕೂತು ಸರಸ ಇಪ್ಪತ್ತಾರು ವರ್ಷ ರವಿಕೆ ಹೊಲಿದಳು. ಮದುವೆಯ ಹೊಸತರಲ್ಲಿ ತವರಿನವರು ಕೊಟ್ಟ ತುಳಿಯುವ ಮೆಶಿನಿನಲ್ಲಿ ಶುರುಮಾಡಿದ್ದು. ಆಮೇಲೆ ಅದಕ್ಕೇ ಮೋಟರು ಕೂರಿಸಿದಳು. ಅಳತೆಯ ರವಿಕೆ ತನ್ನಿ ಎಂದು ಅವಳು ಯಾರಿಗೂ ಹೇಳುತ್ತಿರಲಿಲ್ಲ. ಬಂದವರಿಗೆ ಒಮ್ಮೆ ಟೇಪು ಹಿಡಿದು, ಅವರು ಅಂಗಳ ದಾಟಿ ಹೋಗುವಾಗ ಹಿಂದಿನಿಂದ ನೋಡುತ್ತಿದ್ದಳು. ಎಡ ಹೆಗಲು ತುಸು ಇಳಿದಿದೆಯೇ, ಬೆನ್ನು ಬಾಗಿದೆಯೇ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಅವಳು ಹೊಲಿದದ್ದು ಬಿಗಿಯಾಯಿತು, ಸಡಿಲವಾಯಿತು ಎಂದು ವಾಪಸು ಬಂದದ್ದು ಬಹಳ ಕಡಿಮೆ.

ಲೈನಿಂಗ್ ಹಾಕಿದ ರವಿಕೆಗೆ ಊರಿನಲ್ಲಿ ನೂರೈವತ್ತು ರೂಪಾಯಿ. ದಿನಕ್ಕೆ ಮೂರು ಮುಗಿಸಿದರೆ ಹೆಚ್ಚು. ಗಂಡ ಅಣ್ಣು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬೆನ್ನುಮೂಳೆಯ ಆಪರೇಶನ್ ಆದ ಮೇಲೆ ನಿಂತು ದುಡಿಯುವುದು ಅವರಿಂದ ಆಗಲಿಲ್ಲ. ಮಕ್ಕಳಿಲ್ಲದ ಮನೆ. ಇಬ್ಬರ ಊಟ, ಮದ್ದು, ಕರೆಂಟು ಬಿಲ್ಲು ಎಲ್ಲ ಆ ಮೆಶಿನಿನಿಂದಲೇ ಬರಬೇಕಿತ್ತು.

ಹಾಗಾಗಿ ಮೂಡುಬಿದಿರೆಯಲ್ಲಿ ಬುಟೀಕು ತೆರೆದ ಜ್ಯೋತ್ಸ್ನಾ ಕೆಲಸ ಕೊಡುತ್ತೇನೆಂದಾಗ ಸರಸ ಎರಡು ಮಾತಾಡದೆ ಒಪ್ಪಿದಳು. ಪ್ರತಿ ಸೋಮವಾರ ಬಸ್ಸಿನಲ್ಲಿ ರೇಷ್ಮೆ ಬಟ್ಟೆಗಳ ಚೀಲ ಬರುತ್ತಿತ್ತು. ಕತ್ತರಿಸಿ, ಹೊಲಿದು, ಶನಿವಾರ ಅವಳೇ ಕೊಂಡುಹೋಗಿ ಕೊಡುತ್ತಿದ್ದಳು. ಒಂದಕ್ಕೆ ಇನ್ನೂರೈವತ್ತು. ಊರವರು ಕೊಡುವುದಕ್ಕಿಂತ ನೂರು ಜಾಸ್ತಿ ಎಂದು ಮೂರು ವರ್ಷ ನೆಮ್ಮದಿಯಲ್ಲೇ ಇದ್ದಳು.

ತೋಡಾರಿನಲ್ಲಿ ಒಂದು ಮದುವೆಯಾಯಿತು. ಊಟಕ್ಕೆ ಕೂತಾಗ ಸರಸಳ ಪಕ್ಕದಲ್ಲಿ ಹಸಿರು ರೇಷ್ಮೆ ಸೀರೆಯ ಹೆಂಗಸೊಬ್ಬರು. ಅವರು ನೀರಿನ ಲೋಟಕ್ಕೆ ಕೈ ಚಾಚಿದಾಗ ರವಿಕೆಯ ಬೆನ್ನು ಕಾಣಿಸಿತು. ಕುತ್ತಿಗೆಯ ಅಂಚಿಗೆ ಹಾಕಿದ ಸಪೂರದ ಪಟ್ಟಿ, ಅದನ್ನು ಒಳಗೆ ಮಡಚಿದ ರೀತಿ. ಸರಸಳಿಗೆ ಸಂಶಯವೇ ಉಳಿಯಲಿಲ್ಲ.

"ರವಿಕೆ ಚಂದ ಉಂಟು. ಎಲ್ಲಿ ಹೊಲಿಸಿದ್ದು?" ಎಂದು ಕೇಳಿದಳು.

"ಮೂಡುಬಿದಿರೆಯ ಜ್ಯೋತ್ಸ್ನಾ ಅವರಲ್ಲಿ. ಹೊಲಿಗೆಗೇ ಸಾವಿರದ ಎಂಟುನೂರು ತಗೊಂಡ್ರು. ಆದ್ರೆ ಹೇಗೆ ಕೂತಿದೆ ನೋಡಿ! ಮಂಗಳೂರಲ್ಲಾದ್ರೆ ಇದಕ್ಕೆ ಮೂರು ಸಾವಿರ ಹೇಳ್ತಾರೆ."

ಸರಸಳ ಬಾಯಿಂದ ಮಾತು ತಾನಾಗಿ ಬಂತು: "ಇದು ನಾನು ಹೊಲಿದದ್ದು."

ಆ ಹೆಂಗಸು ಅವಳ ಮಾಸಿದ ಸೀರೆಯ ಅಂಚನ್ನೊಮ್ಮೆ ನೋಡಿದರು. "ಹೌದಾ? ಅವರಲ್ಲಿ ಬೆಂಗಳೂರಿನ ಡಿಸೈನರ್ ಇದ್ದಾರೆ ಅಂತ ಹೇಳಿದ್ರಲ್ಲ," ಎಂದು ನಕ್ಕು ಆಚೆ ಪಕ್ಕದವರ ಜೊತೆ ಮಾತಿಗೆ ತೊಡಗಿದರು. ಬಡಿಸಿದ ಪಾಯಸ ಸರಸಳ ಎಲೆಯಲ್ಲೇ ಉಳಿಯಿತು.

ಆ ಶನಿವಾರ ಚೀಲ ಕೊಟ್ಟು ಅವಳು ಹೊರಡಲಿಲ್ಲ. "ಮೇಡಂ, ಇನ್ನು ನನಗೆ ಒಂದಕ್ಕೆ ಐನೂರು ಕೊಡಿ. ಅದಕ್ಕಿಂತ ಹೆಚ್ಚು ಕೇಳುದಿಲ್ಲ," ಎಂದಳು.

ಜ್ಯೋತ್ಸ್ನಾ ಸಿಡುಕಲಿಲ್ಲ. ಕೂರಿಸಿ ಚಾ ತರಿಸಿದಳು. "ಸರಸಕ್ಕ, ನಿಮ್ಮ ಹತ್ರ ಮುಚ್ಚಿಡುದು ಎಂತಕ್ಕೆ? ಗಿರಾಕಿ ಕೊಡುದು ಬರೀ ಹೊಲಿಗೆಗೆ ಅಲ್ಲ. ಈ ಎಸಿಗೆ, ಈ ಕನ್ನಡಿಗೆ, ಈ ಸೋಫಾಕ್ಕೆ. ಇದೇ ರವಿಕೆಯನ್ನು ನಿಮ್ಮ ಜಗಲಿಯಲ್ಲಿ ಕೊಟ್ರೆ ನೂರೈವತ್ತರ ಮೇಲೆ ಒಂದು ರೂಪಾಯಿ ಯಾರಾದ್ರೂ ಕೊಡ್ತಾರಾ? ನೀವೇ ಹೇಳಿ. ಇನ್ನೂರೆಂಬತ್ತು ಮಾಡುವ."

ಸರಸ ಖಾಲಿ ಚೀಲ ಮಡಚಿಕೊಂಡು ಬಸ್ಸು ಹತ್ತಿದಳು. ಜ್ಯೋತ್ಸ್ನಾ ಹೇಳಿದ್ದು ನಿಜವಾಗಿತ್ತು; ಆ ನಿಜವೇ ಅವಳನ್ನು ವಾರಗಟ್ಟಲೆ ಕೊರೆಯಿತು. ಗಂಡನಿಗೆ ಹೇಳಿದಾಗ ಅಣ್ಣು ಮಂಚದಲ್ಲಿ ಎದ್ದು ಕೂತರು. "ಜಾಗಕ್ಕೇ ಬೆಲೆ ಅಂತಾದ್ರೆ ನಾವೂ ಜಾಗ ಹಿಡಿಯುವ ಮಾರಾಯ್ತಿ. ಬಿ.ಸಿ.ರೋಡಿನಷ್ಟು ಜನ ಎಲ್ಲಿ ಉಂಟು? ಬೆಳ್ತಂಗಡಿಯಿಂದ, ಪುತ್ತೂರಿಂದ ಬರುವವರೆಲ್ಲ ಅಲ್ಲೇ ಇಳಿಯುದು. ಎಷ್ಟು ವರ್ಷ ನೋಡಿದ್ದೇನೆ ನಾನು."

ಎರಡು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟು, ಬಿ.ಸಿ.ರೋಡಿನ ಒಂದು ಕಾಂಪ್ಲೆಕ್ಸಿನ ಮೇಲಿನ ಮಾಳಿಗೆಯಲ್ಲಿ ಕೋಣೆ ಹಿಡಿದಳು. ಗೋಡೆಗೆ ಆಳೆತ್ತರದ ಕನ್ನಡಿ, ಕೂರಲು ಎರಡು ಮೆತ್ತನೆಯ ಕುರ್ಚಿ. ರವಿಕೆಗೆ ನಾನೂರೈವತ್ತು ಎಂದು ಬೋರ್ಡಿನಲ್ಲಿ ಬರೆಸಿದಳು. ಬೆಳಿಗ್ಗೆ ಬೆಳುವಾಯಿಯಿಂದ ಹೊರಟು, ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ಸಿದ್ದಕಟ್ಟೆ ದಾರಿಯಾಗಿ ಹೋಗಿ ಬಾಗಿಲು ತೆರೆಯುವಾಗ ಹತ್ತು ಗಂಟೆಯಾಗುತ್ತಿತ್ತು.

ಜನ ಇದ್ದದ್ದು ಹೌದು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಇಡೀ ದಿನ ಜನವೇ ಜನ. ಆದರೆ ಅವರು ಒಂದು ಬಸ್ಸಿನಿಂದ ಇಳಿದು ಇನ್ನೊಂದಕ್ಕೆ ಓಡುವವರು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಮಾಳಿಗೆ ಹತ್ತಿ ರವಿಕೆಗೆ ಅಳತೆ ಕೊಡುವವರು ಯಾರು? ಅಲ್ಲೇ ಮನೆ ಇರುವವರಿಗೆ ಕೆಳಗಿನ ಓಣಿಯಲ್ಲಿ ಹಳೆಯ ಟೈಲರುಗಳು ಏಳೆಂಟು ಮಂದಿ ಇದ್ದರು. ಇವಳು ಬೋರ್ಡು ಹಾಕಿದ ತಿಂಗಳೊಳಗೆ ಅವರಲ್ಲೊಬ್ಬರು ಇನ್ನೂರೈವತ್ತಕ್ಕೆ ಇಳಿಸಿದರು. ಸರಸ ಮುನ್ನೂರೈವತ್ತು ಮಾಡಿದಳು, ಆಮೇಲೆ ಮುನ್ನೂರು.

ಒಂದು ದಿನ ಬೆಳ್ತಂಗಡಿ ಕಡೆಯ ಹೆಂಗಸೊಬ್ಬಳು ಎರಡು ರವಿಕೆ ಬಟ್ಟೆ ಹಿಡಿದುಕೊಂಡು ಬಂದಳು. ದರ ಕೇಳಿ ಬಟ್ಟೆಯನ್ನು ಪುನಃ ಚೀಲಕ್ಕೆ ಹಾಕತೊಡಗಿದಳು. "ಮುನ್ನೂರಾ? ನನ್ನ ಅತ್ತೆಗೆ ಬೆಳುವಾಯಿಯಲ್ಲಿ ಸರಸಕ್ಕ ಅಂತ ಒಬ್ರು ನೂರೈವತ್ತಕ್ಕೆ ಹೊಲಿದು ಕೊಡ್ತಿದ್ರು. ಎಷ್ಟು ಚಂದ ಹೊಲಿತಿದ್ರು ಗೊತ್ತುಂಟಾ?"

ಸರಸ ತಾನು ಯಾರೆಂದು ಹೇಳಲಿಲ್ಲ. "ಕೊಡಿ," ಎಂದು ಕೈ ಚಾಚಿದಳು. ಎರಡನ್ನೂ ನೂರೈವತ್ತರಂತೆಯೇ ಹೊಲಿದು ಕೊಟ್ಟಳು. ಆ ತಿಂಗಳ ಬಾಡಿಗೆಗೆ ಅದೂ ಬೇಕಿತ್ತು.

ಹತ್ತು ತಿಂಗಳಿಗೆ ಕೋಣೆ ಬಿಟ್ಟಳು. ಬಳೆಗಳು ಸೊಸೈಟಿಯಿಂದ ಹಿಂದೆ ಬರಲಿಲ್ಲ. ಮತ್ತೆ ಜಗಲಿಯಲ್ಲಿ ಮೆಶಿನು ಇಟ್ಟಳು. ಆದರೆ ಊರಿನ ಗಿರಾಕಿಗಳು ಅಷ್ಟರಲ್ಲಿ ಚದುರಿದ್ದರು. ಮೈಗೆ ತಕ್ಕಂತೆ ಹಿಗ್ಗುವ ರೆಡಿಮೇಡ್ ರವಿಕೆಗಳು ಬಟ್ಟೆ ಅಂಗಡಿಗಳಿಗೆ ಬಂದಿದ್ದವು. ಇನ್ನೂರು ಕೊಟ್ಟರೆ ಬಟ್ಟೆ, ಹೊಲಿಗೆ ಎರಡೂ ಸೇರಿ ಸಿಗುತ್ತಿತ್ತು. ಬರುತ್ತಿದ್ದವರು ಸೀರೆಗೆ ಫಾಲ್ಸು ಹಾಕಿಸುವವರು, ಹರಿದ ನೈಟಿಗೆ ಹೊಲಿಗೆ ಹಾಕಿಸುವವರು ಮಾತ್ರ.

ಮರ್ಯಾದೆ ಬಿಟ್ಟು ಅವಳು ಪುನಃ ಜ್ಯೋತ್ಸ್ನಾಳ ಮೆಟ್ಟಿಲು ಹತ್ತಿದಳು. ಒಳಗಿನ ಕೋಣೆಯಲ್ಲಿ ಕಟಿಂಗ್ ಮೇಜಿನ ಮುಂದೆ ಸುಲೈಮಾನ್ ಎಂಬ ಬಂಗಾಳದ ಟೈಲರ್ ನಿಂತಿದ್ದ. ತಿಂಗಳ ಸಂಬಳಕ್ಕೆ ಬಂದವನು. ಅಲ್ಲೇ ಹಿಂದೆ ಮಲಗುತ್ತಿದ್ದ. ಜ್ಯೋತ್ಸ್ನಾ, "ಹುಕ್ಸು ಹಾಕುವ, ಅಂಚಿಗೆ ಕೈಹೊಲಿಗೆ ಮಾಡುವ ಕೆಲಸ ಉಂಟು ಸರಸಕ್ಕ. ಒಂದಕ್ಕೆ ಮೂವತ್ತು," ಎಂದಳು. ಸರಸ ಮೂಲೆಯ ಚಾಪೆಯಲ್ಲಿ ಕೂತು ಸೂಜಿಗೆ ನೂಲು ಪೋಣಿಸಿದಳು.

ಸುಲೈಮಾನ್ ಒಳ್ಳೆಯವನು. ಅವಳನ್ನು ದೀದಿ ಎಂದು ಕರೆಯುತ್ತಿದ್ದ. ಕಲಿತ ಅಷ್ಟಿಷ್ಟು ಕನ್ನಡದಲ್ಲಿ ಒಂದು ಮಧ್ಯಾಹ್ನ ಕೇಳಿದ: "ದೀದಿ, ನಮ್ಮ ಊರಲ್ಲಿ ಈ ಕೆಲಸಕ್ಕೆ ತಿಂಗಳಿಗೆ ಎಂಟು ಸಾವಿರ. ಇಲ್ಲಿ ಹದಿನೆಂಟು ಕೊಡ್ತಾರೆ. ಇಷ್ಟು ದುಡ್ಡು ಇದೆ, ಇಲ್ಲಿಯವರು ಯಾಕೆ ಮಾಡೋದಿಲ್ಲ?"

"ಹದಿನೆಂಟು ಅಂತ ನನಗೆ ಯಾರೂ ಹೇಳ್ಲೇ ಇಲ್ಲ," ಎಂದಳು ಸರಸ.

ಅವನಿಗೆ ಅರ್ಥವಾಯಿತು. ಕತ್ತರಿ ಕೆಳಗಿಟ್ಟ. "ಮೊದಲು ಈ ಕೆಲಸ ನಿಮ್ಮದಾ?" ಸರಸ ಇನ್ನೊಂದು ಹುಕ್ಸು ಹಾಕಿದಳು. ಆಮೇಲೆ ಅವನು ಸಂಬಳದ ಮಾತು ತೆಗೆಯಲಿಲ್ಲ. ಅವಳಿಗೂ ಅವನ ಮೇಲೆ ಸಿಟ್ಟು ಹುಟ್ಟಲಿಲ್ಲ. ಹೆಂಡತಿಯ ಮುಖ ನೋಡಿ ಎರಡು ವರ್ಷವಾಯಿತೆಂದು ಅವನೇ ಒಮ್ಮೆ ಹೇಳಿದ್ದ.

ವರ್ಷ ಕಳೆಯುವಷ್ಟರಲ್ಲಿ ಸುಲೈಮಾನನಿಗೆ ಕೊಚ್ಚಿಯಿಂದ ಕರೆ ಬಂತು. ಅಲ್ಲಿ ಇಪ್ಪತ್ತೈದು ಸಾವಿರ. "ದೀದಿ, ನೀವೂ ಬನ್ನಿ. ಅಲ್ಲಿ ಹೆಂಗಸರನ್ನೂ ತಗೊಳ್ತಾರೆ. ನಿಮ್ಮ ಕೈ ನನಗೆ ಗೊತ್ತು," ಎಂದ. ಬಾವಿಯಿಂದ ಒಂದು ಕೊಡ ನೀರು ಎತ್ತಲಾಗದ ಅಣ್ಣುವನ್ನು ನೆನೆದು ಸರಸ ಬರೀ ನಕ್ಕಳು.

ಅವನು ಶನಿವಾರ ಹೋದ. ಆ ಎರಡು ರಾತ್ರಿ ಸರಸಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಟಿಂಗ್ ಮೇಜು ಖಾಲಿ, ಎದುರಿಗೆ ಮದುವೆಗಳ ಕಾಲ. ಮೇಡಂ ಬೇರೆ ಯಾರನ್ನು ಕರೆದಾರು? ಸೋಮವಾರ ಹಳೆಯ ಸೀರೆಯ ತುಂಡಿನಲ್ಲಿ ತನ್ನ ಕತ್ತರಿ ಸುತ್ತಿಕೊಂಡು ಮೊದಲ ಬಸ್ಸಿಗೇ ಹೊರಟಳು.

ಒಳಕೋಣೆಯಲ್ಲಿ ನಲವತ್ತು ದಾಟಿದ ಗಂಡಸೊಬ್ಬ ನಿಂತಿದ್ದ. ಕಾಲ ಬಳಿ ಪ್ರಯಾಣದ ಚೀಲ ಇನ್ನೂ ಬಿಚ್ಚದೆ ಇತ್ತು.

"ನೀವು ಬೇಗ ಬಂದದ್ದು ಒಳ್ಳೆದಾಯ್ತು ಸರಸಕ್ಕ," ಎಂದಳು ಜ್ಯೋತ್ಸ್ನಾ. "ಇವರು ಸುಲೈಮಾನನ ಭಾವ. ಅವನೇ ಕಳಿಸಿದ್ದು. ಹದಿನಾಲ್ಕಕ್ಕೆ ಒಪ್ಪಿದ್ದಾರೆ. ಹೊಲಿಗೆ ಬರ್ತದೆ, ಆದ್ರೆ ನಮ್ಮ ಕಡೆಯ ಕಟಿಂಗ್ ಗೊತ್ತಿಲ್ಲ. ಒಂದು ವಾರ ನೀವು ಸ್ವಲ್ಪ ತೋರಿಸಿ ಕೊಡ್ಬೇಕು."

"ಮೇಡಂ, ನಾನೇ ಮಾಡ್ತೇನೆ. ಹದಿನಾಲ್ಕಕ್ಕೇ ಮಾಡ್ತೇನೆ."

ಜ್ಯೋತ್ಸ್ನಾ ಅವಳ ಮುಖ ನೋಡಲಿಲ್ಲ. ಮೊಬೈಲು ಕೈಯಲ್ಲಿ ತಿರುಗಿಸುತ್ತಾ ಹೇಳಿದಳು, "ಐದೂವರೆಯ ಬಸ್ಸಿಗೆ ನೀವು ಓಡ್ಬೇಕು. ಮನೆಯಲ್ಲಿ ಅಣ್ಣು ಅಣ್ಣ ಇದ್ದಾರೆ. ಇವರಾದ್ರೆ ಇಲ್ಲೇ ಇರ್ತಾರೆ, ಹತ್ತು ಗಂಟೆವರೆಗೂ ಕೆಲಸ ಆಗ್ತದೆ. ನನಗೂ ಬೇರೆ ದಾರಿ ಇಲ್ಲ ಸರಸಕ್ಕ."

ಮೇಜಿನ ಮೇಲೆ ಯಾರೋ ಮದುಮಗಳ ಕೆಂಪು ರೇಷ್ಮೆ ಹರಡಿತ್ತು. ಸರಸ ಸೀಮೆಸುಣ್ಣ ಕೈಗೆತ್ತಿಕೊಂಡಳು. ಕಂಕುಳ ಬಳಿ ಗೆರೆಯನ್ನು ಅರ್ಧ ಇಂಚು ಒಳಗೆ ಎಳೆದು ತೋರಿಸಿದರೆ ಸಾಕು, ಇವನು ಕತ್ತರಿಸುವ ಒಂದು ರವಿಕೆಯೂ ಯಾರ ಮೈಗೂ ಕೂರದು. ತಿಂಗಳೊಳಗೆ ಇವನು ವಾಪಸು ರೈಲು ಹತ್ತಬೇಕು. ಕೈ ಬಟ್ಟೆಯ ಮೇಲೆ ನಿಂತಿತು. ಮೂರು ದಿನದ ರೈಲಿನ ಆಯಾಸದಲ್ಲೂ ಆ ಮನುಷ್ಯ ಕಣ್ಣು ಮಿಟುಕಿಸದೆ ಅವಳ ಬೆರಳನ್ನೇ ನೋಡುತ್ತಿದ್ದ.

ಅವಳು ಗೆರೆಯನ್ನು ಸರಿಯಾಗಿಯೇ ಎಳೆದಳು. ಹೆಗಲು ಎಲ್ಲಿ ಇಳಿಸಬೇಕು, ಇಲ್ಲಿಯ ಹೆಂಗಸರು ಬೆನ್ನು ಎಷ್ಟು ಇಳಿಸಿದರೆ ಒಪ್ಪುತ್ತಾರೆ, ಎಲ್ಲ ತೋರಿಸಿದಳು. ಕತ್ತರಿಸಲು ಹೋಗುವಾಗ ಅವನು ನಾಚಿಕೆಯಿಂದ ತನ್ನ ಕತ್ತರಿ ಊರಿನಲ್ಲೇ ಉಳಿಯಿತೆಂದು ಸನ್ನೆ ಮಾಡಿದ. ಸರಸ ಸೀರೆಯ ತುಂಡು ಬಿಚ್ಚಿ ತನ್ನದನ್ನು ಅವನ ಕೈಗೆ ಕೊಟ್ಟು ಚಾಪೆಗೆ ಹೋದಳು.

ವಾರ ಬೇಕಾಗಲಿಲ್ಲ, ಅವನು ಮೂರೇ ದಿನದಲ್ಲಿ ಕಲಿತ. ಈಗ ದಿನಕ್ಕೆ ಎಂಟು ರವಿಕೆ ಅವನ ಮೇಜಿನಿಂದ ಅವಳ ಚಾಪೆಗೆ ಬರುತ್ತವೆ. ಅವಳು ಹುಕ್ಸು ಹಾಕುತ್ತಾಳೆ.