ಮಗಳ ಹೆಸರಿನಲ್ಲಿ ಒಂದು ಕೀಬೋರ್ಡ್

ಕೀಬೋರ್ಡ್ ಬೇಕಾಗಿದ್ದದ್ದು ನನಗೆ. ಅಂಗಡಿಯಲ್ಲಿ ಹೇಳಿದ್ದು ಮಗಳಿಗೆ ಅಂತ. ಆ ಒಂದು ಸುಳ್ಳು ನೆನಪಾದಾಗ, ಎದುರಿಗೆ ಯಾರೂ ಇಲ್ಲದಿದ್ದರೂ ನನ್ನ ಮುಖ ಬಿಸಿಯಾಗುತ್ತದೆ.

ನಾನು ಮರಾಠಿ ಸೀಮೆಯ ಖಡಕಿಯಲ್ಲಿ ಒಂದು ಕಚೇರಿಯ ಕ್ಲಾರ್ಕು. ವಯಸ್ಸು ಐವತ್ನಾಲ್ಕು. ಫೈಲು ಜೋಡಿಸುವಾಗ, ಬಸ್ಸಿನಲ್ಲಿ ನೇತಾಡುವಾಗ ತಲೆಯಲ್ಲಿ ಧಾಟಿಗಳು ಹುಟ್ಟುತ್ತವೆ. ನಮ್ಮ ಕಾಲೊನಿಯ ಕನ್ನಡದ ಹೆಂಗಸರೆಲ್ಲ ಶುಕ್ರವಾರ ಸೇರಿ ಭಜನೆ ಮಾಡುತ್ತೇವೆ. ನಾನು ಈ ಊರಿಗೆ ಬಂದಾಗಿನಿಂದ ಅವೇ ಹಾಡು, ಅವೇ ಧಾಟಿ. ನನಗೆ ಬೇಸರ ಬಂದು ಹೊಸದಾಗಿ ಕಟ್ಟಲು ಶುರು ಮಾಡಿದ್ದೆ. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಮಗಳು ಚಾಕಣದ ಕಡೆ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಹೊಸ ಲ್ಯಾಪ್‌ಟಾಪ್ ಕೊಂಡ ಮೇಲೆ, ಅಡುಗೆ ವಿಡಿಯೊ ನೋಡಿಕೋ ಎಂದು ಹಳೆಯ ಟ್ಯಾಬ್ಲೆಟ್ಟನ್ನು ನನಗೆ ಕೊಟ್ಟಿದ್ದಳು. ಅದರಲ್ಲಿ ಸಂಗೀತದ ಒಂದು ಆ್ಯಪ್ ಸಿಕ್ಕಿತು. ತಂಬೂರಿ, ತಬಲಾ, ಕೊಳಲು, ಎಲ್ಲದರ ಸದ್ದೂ ಅದರೊಳಗೆ. ನುಡಿಸಲು ಪರದೆಯ ಮೇಲೆ ಕರಿ ಬಿಳಿ ಕೀಗಳ ಚಿತ್ರ. ಆದರೆ ನನ್ನ ಬೆರಳುಗಳ ಗಂಟು ಬಾತುಕೊಂಡಿವೆ, ಮದುವೆಯ ಉಂಗುರ ತೆಗೆದಿಟ್ಟು ವರ್ಷಗಳಾದವು. ಗ ಒತ್ತಿದರೆ ಪಕ್ಕದ ಮ ಕೂಡ ಕೂಗುತ್ತಿತ್ತು. ಟ್ಯಾಬ್ಲೆಟ್ಟಿಗೆ ವೈರಿನಿಂದ ಜೋಡಿಸುವ ಚಿಕ್ಕ ಕೀಬೋರ್ಡುಗಳಿವೆ, ಅವಕ್ಕೆ ಸ್ವಂತ ಸದ್ದಿಲ್ಲ, ಸದ್ದು ಟ್ಯಾಬ್ಲೆಟ್ಟಿನದೇ, ಹಾಗಾಗಿ ಕೈಚೀಲದಲ್ಲಿ ಒಯ್ಯುವಷ್ಟು ಹಗುರ ಎಂದೆಲ್ಲ ಓದಿ ತಿಳಿದುಕೊಂಡು ಪೇಟೆಗೆ ಹೋದೆ.

ಅಂಗಡಿಯಲ್ಲಿ ನನ್ನ ವಯಸ್ಸಿನದೇ ಒಬ್ಬ ಮರಾಠಿ ಹೆಂಗಸು ಕೂತಿದ್ದಳು. ಯಾರಿಗೆ ಬೇಕು ಎಂದು ಕೇಳಿದಳು. ನಾಲಿಗೆ ತಾನಾಗಿಯೇ ಮಗಳಿಗೆ ಅಂದುಬಿಟ್ಟಿತು. ಈ ವಯಸ್ಸಿನಲ್ಲಿ ಇವಳಿಗೇಕೆ ಈ ಹುಚ್ಚು ಅಂದುಕೊಂಡಾಳು ಎಂಬ ನಾಚಿಕೆ. ನಿಜ ಹೇಳಬೇಕೆಂದರೆ, ಭಜನೆಯ ಬೇರೆ ಯಾರಾದರೂ ಇಂಥದ್ದೊಂದು ತಂದಿದ್ದರೆ ಮೊದಲು ನಗುತ್ತಿದ್ದವಳು ನಾನೇ.

ಆಕೆ ಎರಡು ಬಗೆ ತೆಗೆದು ಮುಂದಿಟ್ಟಳು. ಒಂದರ ಕೀಗಳು ಸಪೂರ, ಇಡೀ ಸಾಮಾನು ಒಂದು ದಿನಪತ್ರಿಕೆ ಮಡಚಿದಷ್ಟು. ಇನ್ನೊಂದರ ಕೀಗಳು ಹಾರ್ಮೋನಿಯಮ್ಮಿನಷ್ಟೇ ಅಗಲ, ಅದು ಉದ್ದ, ತುಸು ಭಾರ. ಕೈ ನೋಡದೆ ಬಳೆ ಕೊಡುತ್ತಾರೆಯೇ, ಮಗಳನ್ನೇ ಕರೆತನ್ನಿ, ಕೂತು ಒತ್ತಿ ನೋಡಲಿ ಎಂದಳು. ಎದುರಿಗಿದ್ದ ನನ್ನ ಕೈಗಳನ್ನು ಸೆರಗಿನಡಿ ಸರಿಸಿಕೊಂಡು, ಹೌದು ಹೌದು, ಅದೇ ಸರಿ ಎಂದು ಎದ್ದುಬಂದೆ.

ಭಾನುವಾರ ಮಗಳನ್ನು ಕರೆದುಕೊಂಡು ಹೋದೆ. ಟ್ಯಾಬ್ಲೆಟ್ಟಿಗೆ ಏನೋ ಒಂದು ಸಾಮಾನು ತರಬೇಕು ಬಾ ಎಂದಷ್ಟೇ ಹೇಳಿದ್ದೆ. ದಾರಿಯಲ್ಲಿ ನಿಜ ಹೇಳಿದರಾಯಿತು ಅಂದುಕೊಂಡಿದ್ದೆ, ದಾರಿ ಮುಗಿದುಹೋಯಿತು. ನಾವು ಮೆಟ್ಟಿಲು ಹತ್ತುತ್ತಿದ್ದಂತೆಯೇ ಆ ಹೆಂಗಸು, ಸಂಗೀತ ಮಾಡಬೇಕೆನ್ನುವ ಮಗಳು ಇವಳೇನಾ ಎಂದು ನಗುತ್ತ ಸ್ಟೂಲ್ ಎಳೆದಳು. ಮಗಳು ಒಮ್ಮೆ ನನ್ನ ಮುಖ ನೋಡಿದಳು. ನಾನು ಗೋಡೆಗೆ ನೇತುಹಾಕಿದ್ದ ಗಿಟಾರುಗಳನ್ನು ಎಣಿಸುವವಳಂತೆ ನಿಂತೆ. ಅವಳು ಹೋಗಿ ಸ್ಟೂಲಿನ ಮೇಲೆ ಕೂತಳು.

ಎಷ್ಟು ಕಲಿತಿದ್ದಾಳೆ ಎಂಬ ಪ್ರಶ್ನೆ ಬಂತು. ಮಗಳು ಬಾಯಿ ತೆರೆದರೆ ನಾನು ಸಿಕ್ಕಿಬೀಳುತ್ತೇನೋ ಎಂಬ ಹೆದರಿಕೆಗೆ ನಾನೇ ಮುಂದೆ ಬಿದ್ದೆ. ಏನೂ ಬರುವುದಿಲ್ಲ, ತಾಳ ನಿಲ್ಲುವುದಿಲ್ಲ, ಅರ್ಧ ಧಾಟಿ ಕಟ್ಟಿ ಮರೆತುಬಿಡುತ್ತಾಳೆ, ಸ್ವರಜ್ಞಾನ ಅಷ್ಟಕ್ಕಷ್ಟೇ, ಹುಚ್ಚು ಮಾತ್ರ ಇದೆ ಎಂದು ಮರಾಠಿಯಲ್ಲಿ ಗಡಗಡ ಒದರಿದೆ. ನನ್ನ ಕೊರತೆಗಳನ್ನೇ ಹೇಳುತ್ತಿದ್ದುದರಿಂದ ಒಂದಕ್ಕೂ ತಡವರಿಸಬೇಕಾಗಲಿಲ್ಲ. ಆಕೆ ಕನಿಕರದಿಂದ ಮಗಳ ಬೆನ್ನು ಸವರಿ, ತಾಯಿಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕಲಿತರೆ ಯಾರಿಗಾದರೂ ಬರುತ್ತದೆ ಎಂದಳು. ಮಗಳು ನಕ್ಕು, ನಾನು ಸಣ್ಣವಳಿದ್ದಾಗಿನಿಂದಲೂ ಇವರು ಹೀಗೇ ಹೇಳುತ್ತ ಬಂದಿದ್ದಾರೆ, ನಿಜವೇ ಇರಬೇಕು ಅಂದಳು. ಅವರಿಬ್ಬರ ಜೊತೆ ನಾನೂ ನಕ್ಕೆ. ಹೇಗೆ ನಕ್ಕೆನೋ.

ಮೊದಲು ಆಕೆ ಸಪೂರ ಕೀಗಳದ್ದನ್ನು ಕೊಟ್ಟಳು. ಮಗಳ ಬೆರಳು ನವಿರು, ಒಂದೊಂದು ಕೀ ಮೇಲೂ ಅಳತೆ ತೆಗೆದ ಹಾಗೆ ಕೂತವು. ನಿನಗೆಂದೇ ಮಾಡಿದ್ದು ಎಂದಳು ಅಂಗಡಿಯಾಕೆ. ಮಗಳು ತಲೆ ಅಲ್ಲಾಡಿಸಿದಳು. ಬೆರಳನ್ನು ಚಪ್ಪಟೆಯಾಗಿ ಚಾಚಿ ಅದರ ಹೊಟ್ಟೆಯಿಂದ ಒತ್ತಿ ತೋರಿಸಿ, ನೋಡಿ, ಎರಡೆರಡು ಒಟ್ಟಿಗೇ ಒತ್ತುತ್ತವೆ, ದೊಡ್ಡದೇ ಬೇಕು ಎಂದಳು. ಅದು ನಾನು ಒತ್ತುವ ರೀತಿ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕದ್ದು ನುಡಿಸುವಾಗ ಅವಳು ಯಾವಾಗ ನೋಡಿದ್ದಳೋ ಗೊತ್ತಿಲ್ಲ. ಅಗಲ ಕೀಗಳದ್ದನ್ನು ತೊಡೆಯ ಮೇಲಿಟ್ಟುಕೊಂಡು ಪ್ರತಿಯೊಂದು ಕೀಯನ್ನೂ ಮೆಲ್ಲಗೆ ಒತ್ತಿದಳು. ಜೋರು ಮಾಡದೆಯೂ ಸ್ವರ ಹೊರಡುತ್ತದೆಯೇ, ಬೆರಳಿಗೆ ನೋವಾಗುವುದಿಲ್ಲವೇ, ಹಳೆಯ ಟ್ಯಾಬ್ಲೆಟ್ಟಿಗೆ ಇದೇ ವೈರು ಕೂರುತ್ತದೆಯೇ ಎಂದು ವಿಚಾರಿಸಿದಳು. ನನಗಾಗಿ ನಾನೇ ಕೇಳಬೇಕಾದದ್ದನ್ನೆಲ್ಲ ಕೇಳಿದಳು.

ವಾರಂಟಿ ಚೀಟಿಗೆ ಹೆಸರು ಬರೆಸುವಾಗ ಮಗಳು ನನ್ನ ಕಡೆ ನೋಡಿ ಕಾದಳು. ಬಾಯಿ ಬಿಡಲು ಅದೊಂದು ಒಳ್ಳೆಯ ಸಮಯ. ನಾನು ಪರ್ಸಿನ ಜಿಪ್ ಸರಿಮಾಡುತ್ತ ನಿಂತೆ. ಅವಳು ತನ್ನ ಹೆಸರನ್ನೇ ಹೇಳಿದಳು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಕೀಬೋರ್ಡಿನ ಡಬ್ಬಿ ಅವಳ ತೊಡೆಯ ಮೇಲಿತ್ತು. ಅದನ್ನು ಸರಿಯಾಗಿ ಇಟ್ಟುಕೊಂಡು ಕೇಳಿದಳು, "ಅವ್ವಾ, ಅಂಗಡ್ಯಾಗ ಅಂದದ್ದೆಲ್ಲಾ ನಿನ್ನ ಬಗ್ಗೆನ ಹೌದಲ್ಲೋ?"

"ಹೌದು. ನನ್ನ ಬಗ್ಗೆನ," ಅಂದೆ.

"ಹಂಗಾರ ಅತ್ತಿ ಮನ್ಯಾಗ ಅಂದದ್ದು?"

ಅವಳು ಅದನ್ನು ಮರೆತಿದ್ದಾಳೆ ಎಂದೇ ನಾನು ತಿಳಿದಿದ್ದೆ. ನನ್ನ ನಾದಿನಿಯ ಮನೆಯಲ್ಲಿ ತೊಟ್ಟಿಲ ಕಾರ್ಯ, ಇವಳು ಆಗ ಶಾಲೆಯಲ್ಲಿ ಏಳನೇ ಇಯತ್ತೆ. ಹಾಡಿನ ಕ್ಲಾಸಿಗೆ ಹೋಗುತ್ತಿದ್ದಳು. ಜೋಗುಳ ಹಾಡಿದಳು. ಗದ್ದಲದ ಮನೆ ತಣ್ಣಗಾಯಿತು. ಹಾಡು ಮುಗಿದ ಮೇಲೆ ನಾದಿನಿ ಹುಡುಗಿಯ ಗಲ್ಲ ಹಿಡಿದು ಹೊಗಳಿದಳು. ನಮ್ಮಲ್ಲಿ ನಾಲ್ಕು ಜನರ ಮುಂದೆ ಹೆತ್ತವಳು ಮಕ್ಕಳನ್ನು ಹೊಗಳುವುದಿಲ್ಲ, ನೆದರಾಗುತ್ತದೆ, ಕೆಟ್ಟ ಕಣ್ಣು ತಾಗುತ್ತದೆ ಅಂತ. ಯಾರಾದರೂ ಹೊಗಳಿದರೂ ತೆಗೆದುಹಾಕಬೇಕು. ನಾನು ಹಾಗೆಯೇ ಮಾಡಿದೆ. ಎಲ್ಲಿ ಹಾಡ್ತಾಳ್ರಿ, ಇಕಿಗೆ ಸ್ವರಾನ ಹತ್ತಂಗಿಲ್ಲ, ರೊಕ್ಕಾ ದಂಡ ಅಂದೆ. ಅಲ್ಲಿದ್ದ ದೊಡ್ಡವರಿಗೆಲ್ಲ ಅದು ಬರೀ ಮರ್ಯಾದೆಯ ಮಾತೆಂದು ಗೊತ್ತು. ಹನ್ನೆರಡರ ಹುಡುಗಿಗೆ ಗೊತ್ತಿರಲಿಲ್ಲ. ಮುಂದಿನ ವಾರದಿಂದ ಹೊಟ್ಟೆನೋವು, ಪರೀಕ್ಷೆ ಅಂತ ಕ್ಲಾಸು ತಪ್ಪಿಸಿ, ಕಡೆಗೆ ಬಿಟ್ಟೇಬಿಟ್ಟಳು. ಹಿಡಿದ ಕೆಲಸ ಪೂರ್ತಿ ಮಾಡುವವಳಲ್ಲ ಎಂದು ನಾನು ಅದನ್ನೂ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

"ಅವತ್ತ ನೀ ಭಾಳ ಚಂದ ಹಾಡಿದ್ದಿ," ಅಂದೆ. "ನೆದರಾಗಬಾರದಂತ ಹಂಗ ಅಂದಿದ್ದೆ."

ಅವಳು ಕಿಟಕಿಯ ಕಡೆ ತಿರುಗಿದಳು. ನದಿ ದಾಟಿದ ಮೇಲೆ, "ನಾ ಖರೇ ಅಂತ ತಿಳದಿದ್ದೆ," ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾರದೋ ವಿಳಾಸ ಹೇಳುವಷ್ಟು ಸಾದಾ ಆಗಿ ಹೇಳಿದಳು.

ಮನೆಗೆ ಬಂದು ಅವಳೇ ವೈರು ಜೋಡಿಸಿ, ತಂಬೂರಿ ಹಚ್ಚಿಕೊಟ್ಟಳು. ನುಡಿಸು ಅಂದಳು. ನಾನು ಕಟ್ಟಿದ ಧಾಟಿಯನ್ನು ಮೊದಲ ಸಲ ಒಬ್ಬರ ಎದುರಿಗೆ ನುಡಿಸಿದೆ. ಅಗಲ ಕೀಗಳು, ಒಂದೂ ತಪ್ಪಲಿಲ್ಲ. ಎರಡನೇ ಸಲಕ್ಕೆ ಅವಳ ತುಟಿ ಅಲುಗಾಡುತ್ತಿದ್ದವು, ದನಿ ಇರಲಿಲ್ಲ. ಹಾಡು ಅಂತ ಕೇಳಲು ನನಗೆ ಮುಖವಿರಲಿಲ್ಲ.