ಗಿಳಿಹಸಿರು ಬಳಿದ ಏಣಿ

ಚಾಮರಾಜಪೇಟೆಯಲ್ಲಿ ನಮ್ಮದೊಂದು ಬಾಡಿಗೆ ಅಂಗಡಿ. ಡ್ರಿಲ್ಲಿಂಗ್ ಮೆಷಿನ್, ಗೋಡೆ ಒಡೆಯುವ ಬ್ರೇಕರ್, ನೀರೆತ್ತುವ ಪಂಪು, ಏಣಿ ಎಲ್ಲ ದಿನದ ಬಾಡಿಗೆಗೆ ಕೊಡುತ್ತೇವೆ. ಅಪ್ಪ ಶುರು ಮಾಡಿದಾಗ ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡುತ್ತಿದ್ದರು. ಜನ ಸ್ಕೂಟರ್ ಕೊಂಡರು, ಅಪ್ಪ ಡ್ರಿಲ್ಲಿಗೆ ಬಂದರು. ಅವರ ನಂತರ ಕುರ್ಚಿಯಲ್ಲಿ ನಾನು ಕೂತೆ. ಇವತ್ತಿಗೂ ಹೊಸಬರು ಒಳಗೆ ಇಣುಕಿ, "ಯಜಮಾನ್ರು ಇಲ್ವಾ ಮೇಡಮ್?" ಅನ್ನುತ್ತಾರೆ. "ಇದಾರೆ, ಹೇಳಿ" ಎಂದು ನಾನು ಇನ್ನಷ್ಟು ನೆಟ್ಟಗೆ ಕೂರುತ್ತೇನೆ.

ಈಗೀಗ ಈ ಕಸುಬಿನ ರೀತಿಯೇ ಬದಲಾಗಿದೆ. ಹಬ್ಬದ ಆಫರಿನಲ್ಲಿ ಎಲ್ಲರೂ ಡ್ರಿಲ್ ಕೊಂಡುಬಿಟ್ಟಿದ್ದಾರೆ. ಎರಡು ತೂತು ಕೊರೆದು ಮಂಚದ ಕೆಳಗೆ ತಳ್ಳುತ್ತಾರೆ, ತುಕ್ಕು ಹಿಡಿದ ಮೇಲೆ ನನ್ನ ಹತ್ತಿರ ತಂದು ಮುಖ ಸಣ್ಣ ಮಾಡಿಕೊಂಡು ನಿಲ್ಲುತ್ತಾರೆ. ಇನ್ನು ಕೆಲವರು ಬಾಡಿಗೆಯನ್ನೂ ಮೊಬೈಲಿನಲ್ಲೇ ಬುಕ್ ಮಾಡುತ್ತಾರೆ. ಸಾಮಾನು ಮನೆ ಬಾಗಿಲಿಗೆ ಬರುತ್ತದೆ, ಅದನ್ನು ಹೇಗೆ ಹಿಡಿಯಬೇಕೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಆಗ ನಮಗೆ ಫೋನು. "ಮೇಡಮ್, ನಿಮ್ ಮೆಷಿನ್ ಅಲ್ಲ, ಆದ್ರೂ ಸ್ವಲ್ಪ ಹೇಳ್ತೀರಾ?" ನಾನು ಬೈದುಕೊಂಡೇ ಹೇಳುತ್ತೇನೆ. ನಮ್ಮ ಕೈ ಬಿಡದೆ ಉಳಿದಿರುವುದು ಏಣಿಯೊಂದೇ. ಫ್ಲ್ಯಾಟಿನಲ್ಲಿ ಡ್ರಿಲ್ ಇಡಲು ಜಾಗವಿರುತ್ತದೆ, ಹನ್ನೆರಡಡಿ ಏಣಿ ಎಲ್ಲಿಡುತ್ತಾರೆ ಪಾಪ!

ಈ ಕಸುಬಿನಲ್ಲಿ ಒಂದೊಂದು ಅಂಗಡಿಗೆ ಒಂದೊಂದು ಬಣ್ಣ. ನಮ್ಮದು ಗಿಳಿಹಸಿರು. ನಾಲ್ಕು ಅಂಗಡಿಯವರ ಸಾಮಾನು ಒಂದೇ ಕಟ್ಟಡದಲ್ಲಿ ಬಿದ್ದಿದ್ದರೂ ಬಣ್ಣದ ಪಟ್ಟಿ ನೋಡಿ ಅವರವರದನ್ನು ಅವರವರು ಎತ್ತಿಕೊಳ್ಳಬಹುದು. ಆಯುಧಪೂಜೆಗೆ ಮೊದಲು ಹೊರಗಿರುವುದೆಲ್ಲ ಅಂಗಡಿಗೆ ಬರಲೇಬೇಕು. ತೊಳೆದು, ಹೊಸದಾಗಿ ಹಸಿರು ಪಟ್ಟಿ ಬಳಿದು, ಕುಂಕುಮವಿಟ್ಟು, ಬೂದುಗುಂಬಳಕಾಯಿ ಒಡೆಯುತ್ತೇವೆ. ಪಟ್ಟಿ ಬಳಿಯುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಪಟ್ಟಿ ಸೊಟ್ಟಗಾದರೆ ನನಗೆ ಅವತ್ತು ಊಟ ಸೇರುವುದಿಲ್ಲ.

ಈ ವರ್ಷವೂ ಹಬ್ಬಕ್ಕೆ ಎರಡು ದಿನ ಮೊದಲು ಉಪ್ಪುಕಾಗದ ಹಿಡಿದು ಕೂತು ಹಳೆಯ ಬಣ್ಣ ಉಜ್ಜುತ್ತಿದ್ದೆ. ಒಂದು ಮರದ ಏಣಿಯ ಹಸಿರಿನ ಕೆಳಗೆ ಸುಣ್ಣ ಬಂತು. ಸುಣ್ಣದ ಕೆಳಗೆ ಕಪ್ಪು ಪೇಂಟಿನಲ್ಲಿ ಬರೆದ ಒಂದು ಮನೆ ನಂಬರು, ಅದರ ಮುಂದೆ "ತ್ಯಾಗರಾಜನಗರ". ನಮ್ಮ ಏಣಿಗಳ ಮೇಲೆ ಎಂದೂ ಯಾರೂ ನಂಬರು ಬರೆದವರಲ್ಲ. ಉಪ್ಪುಕಾಗದ ಕೆಳಗಿಟ್ಟೆ.

ಆ ಮನೆ ನನಗೆ ಗೊತ್ತಿತ್ತು. ನಿವೃತ್ತ ಟೀಚರಮ್ಮ ಒಬ್ಬರದು. ಹೋದ ವರ್ಷ ದಸರೆಗೆ ಮುಂಚೆ ಸುಣ್ಣಬಣ್ಣ ಮಾಡಿಸಲು ನಮ್ಮಿಂದ ಎರಡು ಏಣಿ ತರಿಸಿಕೊಂಡಿದ್ದರು. ಅಪ್ಪನ ಕಾಲದಿಂದ ನಮ್ಮ ಲಗೇಜ್ ಆಟೋ ಓಡಿಸುವವನನ್ನು ಕರೆದು ಕೇಳಿದೆ.

"ಎಲ್ಲಾ ಸುಣ್ಣ ಮೆತ್ಕೊಂಡಿತ್ತಕ್ಕ. ಕಾಂಪೌಂಡಿಗೆ ಒರಗಿಸಿದ್ದು ಮೂರೂ ನಮ್ದೇ ಅನ್ಕೊಂಡು ಹಾಕ್ಕೊಂಡ್ ಬಂದೆ."

"ಬಣ್ಣ ನೋಡೋಕಾಗ್ಲಿಲ್ವಾ?"

"ಸುಣ್ಣದಲ್ಲಿ ಯಾವ ಬಣ್ಣ ಕಾಣುತ್ತಕ್ಕ? ಆಮೇಲೆ ಹಸಿರು ಬಳಿದೋರು ನೀವೇ ತಾನೇ?"

ಹೌದು, ಹಬ್ಬದ ಅವಸರದಲ್ಲಿ ಸರಿಯಾಗಿ ತೊಳೆಯದೆ ಸುಣ್ಣದ ಮೇಲೇ ಬಳಿದಿದ್ದೆ. ಮೆಷಿನ್‌ಗಳನ್ನು ಒಂದೊಂದಾಗಿ ಎಣಿಸುತ್ತೇವೆ, ಏಣಿಗಳನ್ನು ಯಾರು ಎಣಿಸುತ್ತಾರೆ?

ಅಲ್ಲಿಗೇ ಮುಗಿದಿದ್ದರೆ ವಾಪಸ್ಸು ಕೊಟ್ಟು ಕೈ ಮುಗಿದು ಬರಬಹುದಿತ್ತು. ಆದರೆ ಈ ಒಂದು ವರ್ಷದಲ್ಲಿ ಟೀಚರಮ್ಮ ಎರಡು ಸಲ ನಮ್ಮಲ್ಲಿಂದ ಏಣಿ ಬಾಡಿಗೆಗೆ ತರಿಸಿದ್ದರು. ಒಮ್ಮೆ ಹೋದದ್ದು ಇದೇ ಏಣಿ, ಹಗುರವೆಂದು ನಾನೇ ಆರಿಸಿ ಕೊಟ್ಟಿದ್ದೆ. ವಾಪಸ್ಸು ಕಳಿಸುವಾಗ, "ನಮ್ಮ ಏಣಿ ಥರಾನೇ ಹಗುರ ಇದೆಯಮ್ಮ" ಎಂದು ಫೋನಿನಲ್ಲಿ ಹೊಗಳಿದ್ದರು. "ನಮ್ದನ್ನ ಪಕ್ಕದ ಮನೆಯವಳು ನುಂಗಿ ನೀರು ಕುಡಿದ್ಲು. ನಲವತ್ತು ವರ್ಷದ ಸ್ನೇಹ, ಈಗ ಅವಳ ಮುಖ ನೋಡಲ್ಲ."

"ಅಯ್ಯೋ, ಕಾಲ ಕೆಟ್ಟೋಯ್ತು ಬಿಡಿ" ಅಂದಿದ್ದೆ ನಾನು!

ಪಕ್ಕದ ಮನೆಯಾಕೆಯೂ ನುಗ್ಗೇಕಾಯಿ ಕೀಳಲು ನಮ್ಮಲ್ಲಿಗೇ ಬಂದಿದ್ದರು. "ಮುಂಚೆ ಟೀಚರ್ ಮನೆ ಏಣಿ ಇರ್ತಿತ್ತು, ಗೋಡೆ ಮೇಲಿಂದ ಎತ್ಕೊಳ್ತಿದ್ದೆ. ಈಗ ಯಾಕೋ ಅವ್ಳು ಮಾತೇ ಆಡಲ್ಲ." ಆಕೆಗೂ ಅಯ್ಯೋ ಅಂದಿದ್ದೆ. ಆಕೆಗೂ ಇದೇ ಏಣಿ ಕೊಟ್ಟಿದ್ದೆ. ಕದ್ದ ಮಾಲನ್ನು ಎರಡೂ ಮನೆಗೆ ಬಾಡಿಗೆಗೆ ಕೊಟ್ಟು ಇಬ್ಬರಿಗೂ ಸಮಾಧಾನ ಹೇಳಿದ ಪುಣ್ಯಾತ್ಗಿತ್ತಿ ನಾನು.

ಸುಳ್ಳೇಕೆ ಹೇಳಲಿ, ಬ್ರಷ್ಷನ್ನು ಹಸಿರಿಗೆ ಅದ್ದಿಯೂ ಆಗಿತ್ತು. ಆ ನಂಬರಿನ ಮೇಲೆ ಎರಡು ಸಲ ಎಳೆದರೆ ಯಾರಿಗೆ ತಿಳಿಯಬೇಕು? ಬಾಡಿಗೆ ಅಂಗಡಿಗೆ ಇರುವುದೇ ಒಂದು ಹೆಸರು. ಬಾಡಿಗೆ ಕೊಟ್ಟವರೇ ಮನೆಯ ಸಾಮಾನು ಎತ್ತಿಕೊಂಡು ಹೋಗುತ್ತಾರಂತೆ ಎಂಬ ಮಾತು ಗಾಂಧಿ ಬಜಾರಿನಲ್ಲಿ ಒಬ್ಬರ ಬಾಯಿಗೆ ಬಿದ್ದರೆ ಸಂಜೆಯೊಳಗೆ ಬಸವನಗುಡಿಯೆಲ್ಲ ಸುತ್ತುತ್ತದೆ. ಉಳಿದ ಗಿರಾಕಿಗಳೂ ಮೊಬೈಲಿನ ಕಡೆ ತಿರುಗುತ್ತಾರೆ. ಆದರೆ ಇಬ್ಬರು ಹೆಂಗಸರು ಒಂದು ವರ್ಷದಿಂದ ನಾನು ಬಳಿದ ಪಟ್ಟಿಯಿಂದಾಗಿ ಮುಖ ತಿರುಗಿಸಿಕೊಂಡಿದ್ದಾರೆ. ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟೆ. ಆಟೋದವನನ್ನು ಬೈದೆ, ಸುಣ್ಣವನ್ನು ಬೈದೆ, ಕೊನೆಗೆ ನನ್ನನ್ನೇ ಚೆನ್ನಾಗಿ ಬೈದುಕೊಂಡು ಏಣಿಯನ್ನು ಆಟೋಕ್ಕೆ ಹಾಕಿಸಿದೆ.

ಟೀಚರಮ್ಮ ಗೇಟಿಗೆ ಬಂದರು. "ನಾನು ಏಣಿ ಕೇಳ್ಲಿಲ್ವಲ್ಲಮ್ಮ."

"ಇದು ನಿಮ್ದೇ ಅಮ್ಮ" ಎಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಕೊಟ್ಟ ಬಾಡಿಗೆ ವಾಪಸ್ಸು ಕೊಡುತ್ತೇನೆ ಅಂದೆ. ಅದು ಅವರ ಕಿವಿಗೇ ಬೀಳಲಿಲ್ಲ. ಕನ್ನಡಕ ಹಾಕಿಕೊಂಡು ನಂಬರು ಓದಿದರು, ಅದರ ಮೇಲೆ ಬೆರಳಾಡಿಸಿದರು. ಬೈಗುಳಕ್ಕೆ ನಾನು ತಲೆ ಬಗ್ಗಿಸಿ ತಯಾರಾಗಿ ನಿಂತಿದ್ದೆ. ಅವರು ಬೈಯಲಿಲ್ಲ. "ನಡಿ" ಎಂದು ನನ್ನ ಮೊಣಕೈ ಹಿಡಿದು ಪಕ್ಕದ ಮನೆಗೆ ಹೊರಟರು.

ಅಲ್ಲಿಯ ಗೇಟಿನ ಮುಂದೆ ಟೀಚರಮ್ಮನ ಕಾಲು ನಿಂತಿತು. ಚಿಲಕ ನಾನೇ ತೆಗೆದೆ.

ಪಕ್ಕದ ಮನೆಯಾಕೆ ಜಗಲಿಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಗಾಂಧಿ ಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡಿದ ಮನೆತನ, ಅವರ ಕೈ ಸುಮ್ಮನಿದ್ದದ್ದನ್ನು ನಾನು ಕಂಡೇ ಇಲ್ಲ. ನಮ್ಮನ್ನು ನೋಡಿ ಆ ಕೈ ನಿಂತಿತು.

"ಹೇಳು" ಅಂದರು ಟೀಚರಮ್ಮ ನನಗೆ, ಮನೆಪಾಠ ಮಾಡದೆ ಬಂದ ಹುಡುಗಿಗೆ ಹೇಳುವ ಹಾಗೆ. ಎರಡನೇ ಸಲ ಎಲ್ಲವನ್ನೂ ಒಪ್ಪಿಸಿದೆ.

"ಹಂಗಾದ್ರೆ ನಾನು ದುಡ್ಡು ಕೊಟ್ಟು ತಂದಿದ್ದೂ ಅದೇ ಏಣಿನಾ?" ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಟೀಚರಮ್ಮನೂ ನಕ್ಕರು, ನನಗೂ ತಡೆಯಲಾಗಲಿಲ್ಲ. ಆಮೇಲೆ ಆಕೆಯ ನಗು ನಿಂತಿತು.

"ಅಲ್ಲಾ, ಏಣಿ ಕಾಣ್ತಿಲ್ಲ ಅಂತ ಒಂದ್ ಮಾತು ನನ್ನ ಕೇಳ್ಬಾರ್ದಿತ್ತೇನೇ?"

ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಕೇಳಿದ್ಮೇಲೆ ನೀನು ಹೌದು ಅಂದ್ಬಿಟ್ಟಿದ್ರೆ ನಾನೇನ್ ಮಾಡ್ಲಿ? ಅದಕ್ಕೇ ಹೆದ್ರಿ ಕೇಳ್ಲಿಲ್ಲ ಕಣೇ."

ಪಕ್ಕದ ಮನೆಯಾಕೆ ಸೊಪ್ಪಿನ ರಾಶಿಯನ್ನು ಒಂದು ಪಕ್ಕಕ್ಕೆ ಸರಿಸಿ, ಜಗಲಿಯನ್ನು ಅಂಗೈಯಿಂದ ಒರೆಸಿದರು. ಟೀಚರಮ್ಮ ಅಲ್ಲಿ ಕೂತು ಒಂದು ಕಟ್ಟು ಸೊಪ್ಪು ತೊಡೆಯ ಮೇಲೆ ಎಳೆದುಕೊಂಡರು.