ಬೆಂಕಿ ಹತ್ತದ ಹುಲ್ಲು

ಇಂಗ್ಲೆಂಡಿನಲ್ಲಿ ಹುಲ್ಲು ಹೊದಿಸಿದ ಹಳೆಯ ತೋಟದ ಮನೆಯೊಂದರಲ್ಲಿ ರಜೆ ಕಳೆದು ಬಂದ ಇಕ್ಬಾಲ್ ಅಂಕಲ್, ತಮಗೂ ಅಂಥದ್ದೇ ಮನೆ ಬೇಕೆಂದರು. ಕಟ್ಟಬೇಕಾದದ್ದು ಅಮೆರಿಕದ ಸ್ಯಾನ್ ಡಿಯೇಗೋದ ಕಾರ್ಮೆಲ್ ವ್ಯಾಲಿಯಲ್ಲಿ, ಆರ್ಕಿಟೆಕ್ಟ್ ನಾನು.

“ಅಂಕಲ್, ಅಲ್ಲಿ ಚಾವಣಿ ಅಷ್ಟು ಇಳಿಜಾರಾಗಿರೋದು ಮಳೆನೀರು ಜಾರಿಹೋಗಲಿ ಅಂತ. ಇಲ್ಲಿ ಮಳೆ ಎಲ್ಲಿದೆ? ಇಲ್ಲಿರೋದು ಕಾಡ್ಗಿಚ್ಚು. ಹುಲ್ಲು ಅಂದ್ರೆ ಪರ್ಮಿಟ್ ಸಿಗಲ್ಲ.”

“ಹಾಗಾದ್ರೆ ಬೆಂಕಿ ಹತ್ತದ ಹುಲ್ಲು ತರಿಸಮ್ಮ,” ಎಂದರು.

ಅದೂ ಸಿಕ್ಕಿತು. ಪ್ಲಾಸ್ಟಿಕ್ಕಿನದು, ಹಳತಾಗಿ ಕಾಣಲೆಂದು ಕಾರ್ಖಾನೆಯಲ್ಲೇ ಪಾಚಿಯ ಬಣ್ಣ ಬಳಿದದ್ದು. ಅಲ್ಲಿನವರು ಚಳಿಗೆ ಹೆದರಿ ಕಿಟಕಿ ಚಿಕ್ಕದಾಗಿಟ್ಟಿದ್ದರು, ನಾವು ಅವರನ್ನು ನೋಡಿ ಇಟ್ಟೆವು. ಒಳಗೆ ಕತ್ತಲಾಯಿತು, ಹಗಲೂ ದೀಪ ಹಾಕಿದೆವು. ಸೆಕೆಯಾಯಿತು, ಎಸಿ ಕೂರಿಸಿದೆವು.

ಕೊನೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಚಾವಣಿಯಿಂದ ಒಂದು ಎಳೆ ಕಿತ್ತು ಲೈಟರ್ ಹಿಡಿದ. ಹತ್ತಿಕೊಂಡಿದ್ದರೆ ಅಷ್ಟನ್ನೂ ಕೀಳಿಸಬೇಕಿತ್ತು. ಹತ್ತಲಿಲ್ಲ. ಆತ ಪಾಸ್ ಎಂದು ಒಳಗೆ ಹೆಜ್ಜೆಯಿಟ್ಟವನೇ, ಅಲ್ಲಿನಂತೆಯೇ ತಗ್ಗಾಗಿ ಕೂರಿಸಿದ್ದ ತೊಲೆಗೆ ಹಣೆ ಬಡಿಸಿಕೊಂಡ.

ನಾನು ಐಸ್ ತರಲು ಓಡಿದೆ.

“ಪರವಾಗಿಲ್ಲ, ನೋವೇ ಆಗ್ಲಿಲ್ಲ,” ಎಂದು ಆತ ತೊಲೆಯನ್ನು ಬೆರಳಿನಿಂದ ಒತ್ತಿ ನೋಡಿದ. ಬೆರಳು ಒಳಗಿಳಿಯಿತು.

ನಮ್ಮ ಶತಮಾನಗಳ ಹಳೆಯ ಓಕ್ ತೊಲೆ ಥರ್ಮಕೋಲಿನದು. ಅಸಲಿ ಇಂಗ್ಲೆಂಡಿನಲ್ಲಾಗಿದ್ದರೆ ಪಾಪ, ಹೊಲಿಗೆ ಹಾಕಿಸಬೇಕಾಗುತ್ತಿತ್ತು.